ಒಂದೇ ಆಜ್ಞೆ, ನಲವತ್ತು ಹೆಸರು

ಗಡಿನಾಡಿನ ಶಾಲೆಗಳಲ್ಲಿ ದಾಖಲಾತಿ ವಹಿಗೆ ಇರುವ ತೂಕ ಬೇರೆ ಯಾವ ಪುಸ್ತಕಕ್ಕೂ ಇಲ್ಲ. ಮಗುವನ್ನು ಒಂದನೆಯ ತರಗತಿಗೆ ಸೇರಿಸುವ ದಿನ ಮುಖ್ಯೋಪಾಧ್ಯಾಯರು ಅದರಲ್ಲಿ ಹೇಗೆ ಬರೆದರೋ ಹಾಗೆಯೇ ಹೆಸರು ವರ್ಗಾವಣೆ ಪತ್ರಕ್ಕೆ ಇಳಿಯುತ್ತದೆ. ಅಲ್ಲಿಂದ ಹತ್ತನೆಯ ತರಗತಿಯ ಅಂಕಪಟ್ಟಿಗೆ, ಅಲ್ಲಿಂದ ಮುಂದೆ ನೌಕರಿ, ಪಿಂಚಣಿ, ಆಸ್ತಿಪತ್ರಗಳವರೆಗೂ ನಡೆಯುತ್ತದೆ. ಒಂದು ಅಕ್ಷರ ತಪ್ಪಿದ್ದಕ್ಕಾಗಿ ಅಫಿಡವಿಟ್ಟು, ನೋಟರಿ, ಪತ್ರಿಕಾ ಪ್ರಕಟಣೆ ಎಂದು ತಿಂಗಳುಗಟ್ಟಲೆ ಅಲೆದ ಕುಟುಂಬಗಳು ಈ ಸೀಮೆಯಲ್ಲಿ ಅಪರೂಪವಲ್ಲ.

ಈಗ ಆ ವಹಿಯ ಪಕ್ಕದಲ್ಲಿ ಇನ್ನೊಂದು ಪಟ್ಟಿ ಬಂದು ಕುಳಿತಿದೆ. ಅದು ಮಕ್ಕಳ ಇ-ಮೇಲ್ ಖಾತೆಗಳ ಪಟ್ಟಿ. ಕಾಲೇಜಿನ ಅರ್ಜಿ, ವಿದ್ಯಾರ್ಥಿವೇತನ, ಪ್ರವೇಶ ಪರೀಕ್ಷೆಯ ಹಾಲ್ ಟಿಕೆಟ್ ಎಲ್ಲವೂ ಒಂದು ಇ-ಮೇಲ್ ವಿಳಾಸವನ್ನು ಕೇಳುತ್ತವೆ. ರೊಳ್ಳ, ಅಗಳಿ, ಗುಡಿಬಂಡೆ, ಅಮರಾಪುರಗಳ ಕನ್ನಡ ಮಾಧ್ಯಮದ ಹುಡುಗ ಹುಡುಗಿಯರು ಹತ್ತನೆಯ ತರಗತಿ ಮುಗಿಸಿ ಮಡಕಶಿರಾಕ್ಕೋ ಹಿಂದೂಪುರಕ್ಕೋ, ಗಡಿಯ ಆಚೆ ಶಿರಾ ತುಮಕೂರುಗಳಿಗೋ ಹೊರಡುವ ಹೊತ್ತಿಗೆ ಆ ವಿಳಾಸ ಕೈಯಲ್ಲಿರಬೇಕು. ಸಾಮಾನ್ಯವಾಗಿ ನಡೆಯುವುದು ಇಷ್ಟು: ಅರ್ಜಿಯ ಕೊನೆಯ ದಿನ ತಂದೆಯೋ ಮಾವನೋ ಮಗುವನ್ನು ನೆಟ್ ಸೆಂಟರಿಗೆ ಕರೆದೊಯ್ಯುತ್ತಾರೆ, ಅಲ್ಲಿಯವರು ತಮಗೆ ತೋಚಿದ ಹೆಸರಿನಲ್ಲಿ, ತಮ್ಮದೇ ಮೊಬೈಲ್ ಸಂಖ್ಯೆ ಕೊಟ್ಟು, ತಮಗೆ ನೆನಪಿರುವ ಪಾಸ್‌ವರ್ಡಿನಿಂದ ಖಾತೆಯನ್ನು ತೆರೆಯುತ್ತಾರೆ. ಆರು ತಿಂಗಳ ಬಳಿಕ ವಿದ್ಯಾರ್ಥಿವೇತನದ ಪತ್ರ ಬಂದಾಗ ಆ ಖಾತೆಯ ಬೀಗದ ಕೈ ಯಾರಲ್ಲಿದೆ ಎಂಬುದು ಮಗುವಿಗೂ ಗೊತ್ತಿರುವುದಿಲ್ಲ, ಮನೆಯವರಿಗೂ ಗೊತ್ತಿರುವುದಿಲ್ಲ.

ಇದಕ್ಕೆ ಪರ್ಯಾಯವೊಂದಿದೆ. ಶಾಲೆಯೋ, ಊರಿನ ವಿದ್ಯಾಸಂಘವೋ ತನ್ನದೇ ವಿಳಾಸನಾಮದ ಅಡಿಯಲ್ಲಿ ತರಗತಿಯ ಎಲ್ಲ ಮಕ್ಕಳಿಗೂ ಒಂದೇ ಬಾರಿಗೆ ಖಾತೆ ತೆರೆದುಕೊಡುವುದು. ಕೋವಿಡ್ ಕಾಲದಲ್ಲಿ ಕೇರಳ ಸರ್ಕಾರದ ಕೈಟ್ ಸಂಸ್ಥೆಯು ಗೂಗಲಿನ ಶಿಕ್ಷಣ ವೇದಿಕೆಯ ಮೂಲಕ ರಾಜ್ಯದ ಶಾಲಾ ಮಕ್ಕಳಿಗೆ ಲಾಗಿನ್ ಗುರುತುಗಳನ್ನು ಒದಗಿಸಿದ್ದು ಇಂತಹ ಕೆಲಸವೇ. ಕಾಸರಗೋಡಿನ ಕನ್ನಡ ಶಾಲೆಗಳಿರುವುದೂ ಆ ರಾಜ್ಯದ ವ್ಯವಸ್ಥೆಯಲ್ಲಿಯೇ. ಅಷ್ಟು ದೊಡ್ಡ ಪ್ರಮಾಣದಲ್ಲಿ ಒಬ್ಬೊಬ್ಬರ ಹೆಸರನ್ನು ಕೈಯಿಂದ ತುಂಬುತ್ತ ಕುಳಿತುಕೊಳ್ಳಲಾಗದು. ಪಟ್ಟಿ ಸಿದ್ಧವಾಗುತ್ತದೆ, ಗಣಕಯಂತ್ರಕ್ಕೆ ಆಜ್ಞೆ ಹೋಗುತ್ತದೆ, ಖಾತೆಗಳು ಹುಟ್ಟುತ್ತವೆ. ಆ ಆಜ್ಞೆಯ ಸ್ವರೂಪವೇನು, ಅದರಲ್ಲಿ ತಪ್ಪು ಎಲ್ಲಿ ನುಸುಳುತ್ತದೆ, ತಡೆಯುವ ಅಧಿಕಾರ ಯಾರದು ಎಂಬುದನ್ನು ಮಕ್ಕಳ ಮನೆಯವರು ತಿಳಿದಿರುವುದು ಒಳ್ಳೆಯದು. ಏಕೆಂದರೆ ಆ ಪಟ್ಟಿಯನ್ನು ಸರಿಯಾಗಿ ಓದಬಲ್ಲವರು ಅವರೇ.

ಇ-ಮೇಲ್ ಸರ್ವರ್ ಎಂದರೆ ಬಹುಮಟ್ಟಿಗೆ ಒಂದು ಅಂಚೆ ಕಚೇರಿ. ಅದರಲ್ಲಿ ಎರಡು ವಿಭಾಗಗಳಿರುತ್ತವೆ. ಹೊರಗಿನಿಂದ ಬಂದ ಪತ್ರವನ್ನು ಸ್ವೀಕರಿಸಿ, ಹೊರಗೆ ಹೋಗಬೇಕಾದುದನ್ನು ರವಾನಿಸುವುದು ಒಂದು. ಬಂದ ಪತ್ರವನ್ನು ಅವರವರ ಪೆಟ್ಟಿಗೆಯಲ್ಲಿ ಇಟ್ಟು, ಬೀಗದ ಕೈ ತೋರಿಸಿದವರಿಗೆ ಮಾತ್ರ ತೆರೆದು ತೋರಿಸುವುದು ಇನ್ನೊಂದು. ಉಚಿತವಾಗಿ ದೊರೆಯುವ ಲಿನಕ್ಸ್ ವ್ಯವಸ್ಥೆಯಲ್ಲಿ ಮೊದಲನೆಯ ಕೆಲಸಕ್ಕೆ ಪೋಸ್ಟ್‌ಫಿಕ್ಸ್, ಎರಡನೆಯದಕ್ಕೆ ಡವ್‌ಕಾಟ್ ಎಂಬ ತಂತ್ರಾಂಶಗಳು ಬಹಳ ಬಳಕೆಯಲ್ಲಿವೆ. ಪೋಸ್ಟ್‌ಫಿಕ್ಸನ್ನು ವೀಟ್ಸೆ ವೆನೆಮಾ ಎಂಬ ವಿಜ್ಞಾನಿ ಐಬಿಎಂ ಸಂಸ್ಥೆಯಲ್ಲಿದ್ದಾಗ ಬರೆದು 1998ರಲ್ಲಿ ಹೊರತಂದರು. ಡವ್‌ಕಾಟ್ ಫಿನ್ಲೆಂಡಿನ ಟಿಮೊ ಸಿರೈನೆನ್ ಅವರ ಕೃತಿ, ಮೊದಲು ಬಂದುದು 2002ರಲ್ಲಿ. ಎರಡಕ್ಕೂ ಪರವಾನಗಿ ಶುಲ್ಕವಿಲ್ಲ.

ಇಂತಹ ಅಂಚೆ ಕಚೇರಿಯಲ್ಲಿ ಹೊಸ ಪೆಟ್ಟಿಗೆಯೊಂದನ್ನು ಇಡಲು ಚಿತ್ರಗಳ ಪರದೆ, ಗುಂಡಿಗಳು ಬೇಕಿಲ್ಲ. ಕಪ್ಪು ಪರದೆಯ ಮೇಲೆ ಒಂದು ಸಾಲು ಟೈಪು ಮಾಡಿದರೆ ಸಾಕು. ಇದನ್ನು ಕಮಾಂಡ್ ಲೈನ್ ಎನ್ನುತ್ತಾರೆ. ಆಜ್ಞಾಸಾಲು ಎಂದರೂ ಸಲ್ಲುತ್ತದೆ. ಒಂದು ಸಾಲಿಗೆ ಒಂದು ಖಾತೆ. ನಲವತ್ತು ಮಕ್ಕಳಿಗೆ ನಲವತ್ತು ಸಾಲು ಹೊಡೆಯುವ ಬದಲು, ಹೆಸರುಗಳನ್ನೆಲ್ಲ ಒಂದು ಸಾದಾ ಪಠ್ಯ ಕಡತದಲ್ಲಿ ಒಂದರ ಕೆಳಗೊಂದರಂತೆ ಬರೆದಿಟ್ಟು, ‘ಈ ಕಡತದ ಪ್ರತಿಯೊಂದು ಸಾಲನ್ನೂ ಓದು, ಓದಿದ ಹೆಸರಿಗೆ ಖಾತೆ ತೆರೆ’ ಎಂಬ ಒಂದೇ ಆಜ್ಞೆಯನ್ನು ಕೊಡಬಹುದು. ಲಿನಕ್ಸಿನಲ್ಲಿ ‘ನ್ಯೂಯೂಸರ್ಸ್’ ಎಂಬ ಆಜ್ಞೆ ಇರುವುದೇ ಇದಕ್ಕಾಗಿ. ಅದು ಓದುವ ಕಡತದ ಪ್ರತಿ ಸಾಲಿನಲ್ಲಿ ಏಳು ಅಂಕಣಗಳು, ಅವುಗಳ ನಡುವೆ ವಿವರಣ ಚಿಹ್ನೆಯ ಎರಡು ಚುಕ್ಕಿ. ಮೊದಲನೆಯದು ಲಾಗಿನ್ ಹೆಸರು, ಎರಡನೆಯದು ಪಾಸ್‌ವರ್ಡ್. ಪೂರ್ಣ ಹೆಸರು ಬರುವುದು ಐದನೆಯ ಅಂಕಣದಲ್ಲಿ. ದೊಡ್ಡ ಕಂಪನಿಗಳ ಸೇವೆಯನ್ನು ಬಾಡಿಗೆಗೆ ಪಡೆದರೂ ಕ್ರಮ ಇದೇ: ಅಂಕಣಗಳಿರುವ ಪಟ್ಟಿಯೊಂದನ್ನು ಏರಿಸಬೇಕು, ಉಳಿದುದು ತಾನೇ ನಡೆಯುತ್ತದೆ.

ತಾನೇ ನಡೆಯುತ್ತದೆ ಎಂಬಲ್ಲಿಯೇ ತೊಡಕೂ ಇದೆ. ಗುಮಾಸ್ತನೊಬ್ಬ ನಲವತ್ತು ಹೆಸರುಗಳನ್ನು ಕೈಯಿಂದ ನಕಲು ಮಾಡುವಾಗ ಎಲ್ಲೋ ಒಂದು ಕಡೆ ನಿಂತು, ‘ಇದೇನು, ಇದೇ ಹೆಸರು ಎರಡು ಸಾರಿ ಬಂದಿದೆಯಲ್ಲ’ ಎಂದು ತಲೆಯೆತ್ತಿ ಕೇಳುತ್ತಾನೆ. ಆಜ್ಞೆಗೆ ಅಂತಹ ಸಂಶಯವಿಲ್ಲ. ಪಟ್ಟಿಯಲ್ಲಿ ಏನಿದೆಯೋ ಅದನ್ನೇ, ಇರುವ ಹಾಗೆಯೇ, ಕಣ್ಣು ಮಿಟುಕಿಸುವಷ್ಟರಲ್ಲಿ ಮಾಡಿ ಮುಗಿಸುತ್ತದೆ. ನ್ಯಾಯಾಲಯದ ಆಜ್ಞೆಗಾದರೂ ಮೇಲ್ಮನವಿ ಉಂಟು, ತಡೆಯಾಜ್ಞೆ ಉಂಟು. ಇದಕ್ಕೆ ಎರಡೂ ಇಲ್ಲ.

ತಪ್ಪುಗಳು ನುಸುಳುವ ದಾರಿಗಳು ಬಹಳ ಸಣ್ಣವು, ಆದುದರಿಂದಲೇ ಕಾಣುವುದಿಲ್ಲ. ಪಟ್ಟಿಯನ್ನು ಅಲ್ಪವಿರಾಮದಿಂದ ಅಂಕಣಗಳಾಗಿ ಬೇರ್ಪಡಿಸಿರುವಾಗ ಯಾರೋ ಹೆಸರಿನ ಒಳಗೇ ‘ರಂಗಸ್ವಾಮಿ, ಕೆ.’ ಎಂದು ಅಲ್ಪವಿರಾಮ ಹಾಕಿದರೆ ಆ ಸಾಲಿನ ಅಂಕಣಗಳೆಲ್ಲ ಒಂದೊಂದು ಮನೆ ಮುಂದಕ್ಕೆ ಸರಿಯುತ್ತವೆ. ಇನಿಷಿಯಲ್ ಪಾಸ್‌ವರ್ಡಾಗುತ್ತದೆ, ಪಾಸ್‌ವರ್ಡ್ ತರಗತಿಯಾಗುತ್ತದೆ. ಎಕ್ಸೆಲ್ ಹಾಳೆಯಲ್ಲಿ ಬರೆದ ದಾಖಲಾತಿ ಸಂಖ್ಯೆಯ ಮುಂದಿನ ಸೊನ್ನೆಗಳನ್ನು ಆ ತಂತ್ರಾಂಶವು ‘ಬೆಲೆಯಿಲ್ಲದವು’ ಎಂದು ಕಿತ್ತೊಗೆಯುತ್ತದೆ. ಎಲ್ಲಕ್ಕಿಂತ ವಿಚಿತ್ರವಾದುದು ಸಾಲಿನ ಕೊನೆಯ ಗುರುತು. ವಿಂಡೋಸ್ ಯಂತ್ರದಲ್ಲಿ ಸಿದ್ಧಪಡಿಸಿದ ಪಠ್ಯ ಕಡತದ ಪ್ರತಿ ಸಾಲಿನ ಕೊನೆಯಲ್ಲಿ ಕಣ್ಣಿಗೆ ಕಾಣದ ಎರಡು ಗುರುತುಗಳಿರುತ್ತವೆ. ಲಿನಕ್ಸ್ ನಿರೀಕ್ಷಿಸುವುದು ಒಂದನ್ನು. ಹೆಚ್ಚುವರಿ ಗುರುತನ್ನು ಅದು ಕೊನೆಯ ಅಂಕಣದ ಭಾಗವೆಂದೇ ಬಗೆಯುತ್ತದೆ. ಕೊನೆಯ ಅಂಕಣದಲ್ಲಿ ಪಾಸ್‌ವರ್ಡ್ ಇದ್ದರೆ, ನಲವತ್ತು ಮಕ್ಕಳ ಪಾಸ್‌ವರ್ಡಿನ ತುದಿಗೂ ಟೈಪು ಮಾಡಲು ಬಾರದ ಒಂದು ಅಕ್ಷರ ಅಂಟಿಕೊಳ್ಳುತ್ತದೆ. ಚೀಟಿಯಲ್ಲಿದ್ದುದನ್ನು ಅಕ್ಷರಶಃ ಹೊಡೆದರೂ ಬಾಗಿಲು ತೆರೆಯುವುದಿಲ್ಲ. ಮಗು ತಾನೇ ತಪ್ಪು ಮಾಡಿದೆನೆಂದು ಹೆದರುತ್ತದೆ, ಮೇಷ್ಟ್ರು ಮಗುವನ್ನೇ ಗದರುತ್ತಾರೆ, ಇಬ್ಬರದೂ ತಪ್ಪಲ್ಲ.

ಕನ್ನಡ ಶಾಲೆಗಳಿಗೆ ವಿಶೇಷವಾದ ಕಂಟಕ ಇನ್ನೊಂದು. ಹಳೆಯ ಪಟ್ಟಿಗಳೆಲ್ಲ ನುಡಿ, ಬರಹ, ಶ್ರೀಲಿಪಿ ಮುಂತಾದ ತಂತ್ರಾಂಶಗಳ ಯೂನಿಕೋಡ್ ಅಲ್ಲದ ಅಕ್ಷರಗಳಲ್ಲಿವೆ. ಪರದೆಯ ಮೇಲೆ ಅವು ಅಚ್ಚಗನ್ನಡದಂತೆ ಕಾಣುತ್ತವೆ. ಒಳಗೆ ಇರುವುದು ರೋಮನ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರ. ಕಮಾಂಡ್ ಲೈನ್ ನೋಡುವುದು ಒಳಗನ್ನು. ಆದುದರಿಂದ ಪಟ್ಟಿಯನ್ನು ಮೊದಲು ಯೂನಿಕೋಡಿಗೆ ಪರಿವರ್ತಿಸಿ, ಪರಿವರ್ತನೆಯಲ್ಲಿ ಒತ್ತಕ್ಷರಗಳು, ಅರ್ಕಾವತ್ತುಗಳು ಸ್ಥಾನಪಲ್ಲಟವಾಗಿಲ್ಲವೆಂದು ಒಂದೊಂದಾಗಿ ಓದಿ ನೋಡುವುದು ಅನಿವಾರ್ಯ. ಯೂನಿಕೋಡಿನಲ್ಲಿಯೂ ‘ಓ’ಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿ ಬರೆಯಬಹುದು, ಬಿಡಿ ಸಂಕೇತಗಳನ್ನು ಜೋಡಿಸಿಯೂ ಬರೆಯಬಹುದು, ಕಣ್ಣಿಗೆ ಎರಡೂ ಒಂದೇ, ಯಂತ್ರಕ್ಕೆ ಬೇರೆ ಬೇರೆ.

ಇವೆಲ್ಲ ತಂತ್ರಜ್ಞನು ನೋಡಿಕೊಳ್ಳಬಹುದಾದ ಸಂಗತಿಗಳು. ಅವನು ನೋಡಿಕೊಳ್ಳಲಾಗದುದು ಹೆಸರು.

ಇ-ಮೇಲ್ ವಿಳಾಸ ಇಂದಿಗೂ ಬಹುಪಾಲು ರೋಮನ್ ಲಿಪಿಯಲ್ಲಿಯೇ ಇರುತ್ತದೆ. ಕನ್ನಡದ ಹೆಸರು ಆ ಲಿಪಿಯೊಳಗೆ ಹೋಗುವಾಗ ಒಂದಷ್ಟನ್ನು ಹೊಸ್ತಿಲ ಹೊರಗೇ ಬಿಟ್ಟು ಹೋಗುತ್ತದೆ. ಳಕಾರವೂ ಲಕಾರವೂ ಒಂದೇ ಆಗುತ್ತವೆ, ಣಕಾರವೂ ನಕಾರವೂ ಒಂದೇ ಆಗುತ್ತವೆ. ಓಬಳೇಶನ ಳ ಅಲ್ಲಿಗೆ ಮುಗಿಯಿತು. ಲಕ್ಷ್ಮಿಯ ‘ಕ್ಷ’ವನ್ನು ಕೆ, ಎಸ್, ಎಚ್ ಎಂದು ಮೂರು ಅಕ್ಷರಗಳಲ್ಲಿ ಬರೆಯುವವರಿದ್ದಾರೆ, ಎಕ್ಸ್ ಎಂಬ ಒಂದೇ ಅಕ್ಷರದಲ್ಲಿ ಮುಗಿಸುವವರೂ ಇದ್ದಾರೆ. ಗೀತಾಳ ‘ತ’ಕ್ಕೆ ದಕ್ಷಿಣದವರು ಟಿ ಜೊತೆಗೆ ಎಚ್ ಸೇರಿಸುತ್ತಾರೆ, ಉತ್ತರದವರು ಸೇರಿಸುವುದಿಲ್ಲ. ಇದು ಎಲ್ಲ ಕನ್ನಡಿಗರ ಪಾಡು. ಮಡಕಶಿರಾ, ರಾಯದುರ್ಗಗಳ ಕನ್ನಡಿಗರಿಗೆ ನಡುವೆ ಇನ್ನೊಂದು ಮೆಟ್ಟಿಲಿದೆ. ಮನೆಯ ‘ನಾಗರಾಜ’ ಕಚೇರಿಯ ತೆಲುಗಿನಲ್ಲಿ ‘ನಾಗರಾಜು’ ಆಗಿ, ಆ ಉಕಾರವನ್ನು ಹೊತ್ತುಕೊಂಡೇ ಇಂಗ್ಲಿಷಿಗೆ ಹೋಗುತ್ತಾನೆ. ಇನಿಷಿಯಲ್ಲಿನ ಗೊಂದಲ ಇದಕ್ಕಿಂತ ಹೆಚ್ಚಿನದು: ಆಂಧ್ರದ ರೂಢಿಯಲ್ಲಿ ಹೆಸರಿನ ಮುಂದೆ ಬರುವುದು ಮನೆತನದ ಹೆಸರು, ಈ ಕಡೆಯ ಕನ್ನಡಿಗರಲ್ಲಿ ಅನೇಕರಿಗೆ ಹಾಗೆ ಹೇಳುವ ಮನೆತನದ ಹೆಸರೇ ಇಲ್ಲ, ಇರುವುದು ಊರಿನದೋ ತಂದೆಯದೋ ಮೊದಲಕ್ಷರ. ಅರ್ಜಿಯ ಚೌಕದಲ್ಲಿ ‘ಸರ್‌ನೇಮ್’ ಎಂದಿದ್ದರೆ ಒಬ್ಬರು ಊರು ಬರೆಯುತ್ತಾರೆ, ಇನ್ನೊಬ್ಬರು ತಂದೆಯ ಹೆಸರು ಬರೆಯುತ್ತಾರೆ. ಅಣ್ಣ ತಂಗಿಯರೇ ಬೇರೆ ಬೇರೆ ಮನೆತನದವರಾಗುತ್ತಾರೆ.

ಹೆಸರು ಬದಲಾಗುವುದು ಈ ನೆಲಕ್ಕೆ ಹೊಸತಲ್ಲ. ಅಮರಾಪುರ ಮಂಡಲದ ಹೇಮಾವತಿ ನೊಳಂಬರ ರಾಜಧಾನಿಯಾಗಿದ್ದ ಕಾಲದಲ್ಲಿ ಪೆಂಜೇರು, ಪಕಾರ ಹಕಾರವಾಗಿ ಹೆಂಜೇರು, ಆಮೇಲೆ ಹೇಮಾವತಿ. ಅಲ್ಲಿಯ ಕನ್ನಡ ಶಾಸನಗಳಲ್ಲಿ ಊರಿನ ಹಳೆಯ ರೂಪಗಳು ಕಲ್ಲಿನಲ್ಲಿ ಉಳಿದಿವೆ. ಊರು ಹೆಸರು ಬದಲಿಸಿಕೊಳ್ಳಲು ನೂರಾರು ವರ್ಷ ತೆಗೆದುಕೊಂಡಿತು, ಅದಕ್ಕೆ ಅಡ್ಡಿಯಿಲ್ಲ. ಮಗುವಿನ ಹೆಸರು ಆಧಾರಿನಲ್ಲಿ ಒಂದು, ಅಂಕಪಟ್ಟಿಯಲ್ಲಿ ಒಂದು, ಇ-ಮೇಲಿನಲ್ಲಿ ಒಂದು ಎಂದು ಒಂದೇ ವರ್ಷದಲ್ಲಿ ಮೂರು ರೂಪ ತಾಳಿದರೆ ಅರ್ಜಿ ತಿರಸ್ಕೃತವಾಗುತ್ತದೆ. ಅಪಾರ್ ಗುರುತಿನ ಸಂಖ್ಯೆಗಾಗಿ ಶಾಲಾ ದಾಖಲೆಯ ಹೆಸರನ್ನೂ ಆಧಾರಿನ ಹೆಸರನ್ನೂ ಹೋಲಿಸಿದಾಗ ಎಷ್ಟು ಮಕ್ಕಳ ಹೆಸರು ಹೊಂದಲಿಲ್ಲವೆಂಬುದನ್ನು ಶಿಕ್ಷಕರು ಬಲ್ಲರು. ಆಧಾರ್ ಕೇಂದ್ರದ ಸರದಿಯಲ್ಲಿ ಕೂಲಿ ಬಿಟ್ಟು ನಿಂತ ತಾಯಂದಿರೂ ಬಲ್ಲರು.

ಆದುದರಿಂದ ಪಟ್ಟಿಯಲ್ಲಿ ಹೆಸರಿಗೆ ಒಂದು ಅಂಕಣ ಸಾಲದು, ಮೂರು ಬೇಕು. ದಾಖಲಾತಿ ವಹಿಯಲ್ಲಿರುವಂತೆ ಕನ್ನಡದ ಹೆಸರು. ಹತ್ತನೆಯ ತರಗತಿಯ ಪರೀಕ್ಷಾ ದಾಖಲೆಗೆ ಹೋಗಲಿರುವ ಇಂಗ್ಲಿಷ್ ಕಾಗುಣಿತ. ಇವೆರಡರಿಂದ ಬೇರೆಯಾದ ಲಾಗಿನ್ ಹೆಸರು. ಲಾಗಿನ್ ಹೆಸರನ್ನು ಮಗುವಿನ ಹೆಸರಿನಿಂದಲೇ ಮಾಡಬೇಕೆಂಬ ಹಟ ಅನೇಕರಲ್ಲಿದೆ. ಅದು ಬೇಡದ ಹಟ. ತರಗತಿಯಲ್ಲಿ ಇಬ್ಬರು ಲಕ್ಷ್ಮಿಯರಿದ್ದರೆ ಎರಡನೆಯವಳ ಸಾಲಿಗೆ ಬಂದಾಗ ಆಜ್ಞೆಯು ‘ಈ ಹೆಸರು ಆಗಲೇ ಇದೆ’ ಎಂದು ನಿರಾಕರಿಸುತ್ತದೆ. ಆಜ್ಞೆಯನ್ನು ಅಜಾಗ್ರತೆಯಿಂದ ಬರೆದಿದ್ದರೆ ಇನ್ನೂ ಕೆಟ್ಟದ್ದು ನಡೆಯುತ್ತದೆ, ಮೊದಲನೆಯ ಲಕ್ಷ್ಮಿಯ ಪಾಸ್‌ವರ್ಡನ್ನು ಅಳಿಸಿ ಎರಡನೆಯವಳದನ್ನು ಬರೆಯುತ್ತದೆ. ದಾಖಲಾತಿ ಸಂಖ್ಯೆಗೆ ಸೇರಿದ ವರ್ಷವನ್ನು ಜೋಡಿಸಿ ಲಾಗಿನ್ ಹೆಸರು ಮಾಡಿದರೆ ಈ ಘರ್ಷಣೆಯೇ ಹುಟ್ಟುವುದಿಲ್ಲ. ಹೆಸರಿನ ಕಾಗುಣಿತ ನಾಳೆ ತಿದ್ದುಪಡಿಯಾದರೂ ವಿಳಾಸ ಬದಲಾಗಬೇಕಿಲ್ಲ.

ಹಾಗಾದರೆ ಕನ್ನಡದ ಹೆಸರು ಎಲ್ಲಿ ಉಳಿಯಿತು ಎಂಬ ಪ್ರಶ್ನೆ ಬರುತ್ತದೆ. ಅದಕ್ಕೆ ಸ್ಥಾನವಿದೆ. ಇ-ಮೇಲ್ ಪತ್ರದ ತಲೆಯಲ್ಲಿ ವಿಳಾಸದ ಪಕ್ಕದಲ್ಲಿಯೇ ಕಳುಹಿಸಿದವರ ಹೆಸರು ಕಾಣಿಸುತ್ತದೆ. ಅದು ಯಾವ ಲಿಪಿಯಲ್ಲಿದ್ದರೂ ಸಲ್ಲುತ್ತದೆ. ಪಟ್ಟಿಯ ಕನ್ನಡ ಅಂಕಣವನ್ನು ಅಲ್ಲಿಗೆ ಜೋಡಿಸಿದರೆ ತುಮಕೂರಿನ ಕಾಲೇಜಿಗೆ ಹೋದ ಪತ್ರದಲ್ಲಿ ‘ಓಬಳೇಶ’ ಎಂದು, ಳಕಾರ ಸಮೇತ, ಕನ್ನಡದಲ್ಲಿಯೇ ಕಾಣುತ್ತದೆ. ವಿಳಾಸವನ್ನೇ ಕನ್ನಡದಲ್ಲಿ ಇಡುವುದೂ ಈಗ ಅಸಾಧ್ಯವಲ್ಲ. ರೋಮನ್ ಅಲ್ಲದ ಲಿಪಿಗಳ ಇ-ಮೇಲ್ ವಿಳಾಸಕ್ಕೆ ಅಂತರರಾಷ್ಟ್ರೀಯ ಮಾನಕ 2012ರಲ್ಲಿಯೇ ಸಿದ್ಧವಾಯಿತು. ಪೋಸ್ಟ್‌ಫಿಕ್ಸ್ 2015ರಿಂದ ಅದನ್ನು ಪಾಲಿಸುತ್ತಿದೆ. ಕನ್ನಡ ಲಿಪಿಯ ‘.ಭಾರತ’ ಎಂಬ ವಲಯನಾಮವೂ ಅಂತರಜಾಲದ ಮೂಲಪಟ್ಟಿಯಲ್ಲಿದೆ. ರಾಜಸ್ಥಾನ ಸರ್ಕಾರ 2017ರಲ್ಲಿ ತನ್ನ ಪ್ರಜೆಗಳಿಗೆ ದೇವನಾಗರಿಯ ವಿಳಾಸ ನೀಡುವ ಯೋಜನೆಯನ್ನು ಆರಂಭಿಸಿತ್ತು. ವಿಳಾಸದ ಹೆಸರಿನ ಭಾಗಕ್ಕೆ 64 ಬೈಟುಗಳ ಮಿತಿಯಿದೆ. ಕನ್ನಡದ ಪ್ರತಿಯೊಂದು ಸಂಕೇತಕ್ಕೂ 3 ಬೈಟು. ‘ಹನುಮಂತರಾಯಪ್ಪ’ನಲ್ಲಿರುವುದು 12 ಸಂಕೇತಗಳು, ಅಂದರೆ 36 ಬೈಟು; ಅವನಿಗೆ ಧಾರಾಳವಾಗಿ ಜಾಗವಿದೆ. ಜಾಗವಿಲ್ಲದಿರುವುದು ಅರ್ಜಿಗಳಲ್ಲಿ. ಎಷ್ಟೋ ಜಾಲತಾಣಗಳ ಅರ್ಜಿ ನಮೂನೆಗಳು ಕನ್ನಡದ ವಿಳಾಸವನ್ನು ಕಂಡೊಡನೆ ‘ಸರಿಯಾದ ಇ-ಮೇಲ್ ಕೊಡಿ’ ಎಂದು ಹಿಂದಕ್ಕೆ ತಳ್ಳುತ್ತವೆ. ಅರ್ಜಿ ಸಲ್ಲಿಸುವ ವಯಸ್ಸಿನ ಮಗುವಿನ ಹೆಗಲ ಮೇಲೆ ಭಾಷೆಯ ಹೋರಾಟವನ್ನು ಹೊರಿಸುವುದು ನ್ಯಾಯವಲ್ಲ. ರೋಮನ್ ವಿಳಾಸ, ಕನ್ನಡದ ಹೆಸರು ಎಂಬ ಏರ್ಪಾಡು ಸದ್ಯಕ್ಕೆ ಸಾಕು.

ಪಾಸ್‌ವರ್ಡಿನ ವಿಷಯದಲ್ಲಿ ಮಾತ್ರ ಸದ್ಯಕ್ಕೆ ಸಾಕು ಎಂಬ ಮಾತಿಗೆ ಎಡೆಯಿಲ್ಲ. ಸಾಮೂಹಿಕವಾಗಿ ಖಾತೆ ತೆರೆಯುವವರು ಸುಲಭಕ್ಕಾಗಿ ಎಲ್ಲರಿಗೂ ಒಂದೇ ಪಾಸ್‌ವರ್ಡ್ ಇಡುತ್ತಾರೆ, ಇಲ್ಲವೇ ಜನ್ಮದಿನಾಂಕವನ್ನು ಇಡುತ್ತಾರೆ. ತರಗತಿಯ ಪ್ರತಿ ಮಗುವಿಗೂ ಪಕ್ಕದವನ ಹುಟ್ಟುಹಬ್ಬ ಗೊತ್ತು. ಇನ್ನೊಬ್ಬರ ಪಾಸ್‌ವರ್ಡನ್ನು ವಂಚನೆಯ ಉದ್ದೇಶದಿಂದ ಬಳಸುವುದು ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000ರ 66ಸಿ ಪ್ರಕರಣದ ಅಡಿಯಲ್ಲಿ ಮೂರು ವರ್ಷಗಳವರೆಗಿನ ಸೆರೆವಾಸಕ್ಕೂ ಒಂದು ಲಕ್ಷ ರೂಪಾಯಿವರೆಗಿನ ಜುಲ್ಮಾನೆಗೂ ಗುರಿಪಡಿಸಬಲ್ಲ ಅಪರಾಧ. ಹದಿನಾಲ್ಕರ ಹುಡುಗನ ಚೇಷ್ಟೆ ಅಲ್ಲಿಯವರೆಗೆ ಹೋಗದಂತೆ ನೋಡಿಕೊಳ್ಳಬೇಕಾದವರು ಪಟ್ಟಿ ಮಾಡುವವರು. ಪ್ರತಿ ಮಗುವಿಗೂ ಬೇರೆ ಬೇರೆ, ಊಹೆಗೆ ಸಿಗದ ಪಾಸ್‌ವರ್ಡನ್ನು ಯಂತ್ರವೇ ಹುಟ್ಟಿಸಿಕೊಡುತ್ತದೆ. ಅದಕ್ಕೂ ಒಂದು ಸಾಲಿನ ಆಜ್ಞೆ ಸಾಕು. ಅದನ್ನು ಮುಚ್ಚಿದ ಲಕೋಟೆಯಲ್ಲಿ ಕೊಡಬೇಕು, ವಾಟ್ಸಾಪ್ ಗುಂಪಿನಲ್ಲಿ ಹಾಕಬಾರದು. ಆಜ್ಞೆಯ ಸಾಲಿನೊಳಗೇ ಪಾಸ್‌ವರ್ಡನ್ನು ಟೈಪು ಮಾಡಿದರೆ ಅದು ಆ ಯಂತ್ರದ ಆಜ್ಞೆಗಳ ಇತಿಹಾಸ ಕಡತದಲ್ಲಿ ಉಳಿದುಬಿಡುವ ಸಂಭವವಿದೆ. ಪಟ್ಟಿಯ ಕಡತದಲ್ಲಿಯಂತೂ ಎಲ್ಲ ಪಾಸ್‌ವರ್ಡುಗಳೂ ಬತ್ತಲೆಯಾಗಿ ಇರುತ್ತವೆ. ಖಾತೆಗಳು ತೆರೆದೊಡನೆ ಆ ಕಡತವನ್ನು ಅಳಿಸಬೇಕು, ಪೆನ್ ಡ್ರೈವಿನಲ್ಲಿ ಉಳಿದ ಪ್ರತಿಯನ್ನೂ ಮರೆಯಬಾರದು.

ಮೊದಲ ಸಲ ಒಳಹೊಕ್ಕ ಕೂಡಲೇ ಮಗು ತನ್ನ ಪಾಸ್‌ವರ್ಡನ್ನು ಬದಲಿಸಿಕೊಳ್ಳಬೇಕು. ಇಲ್ಲಿಯೂ ಒಂದು ಗುಂಡಿಯಿದೆ. ಲಿನಕ್ಸಿನಲ್ಲಿ ‘ಮುಂದಿನ ಸಲ ಬಂದಾಗ ಪಾಸ್‌ವರ್ಡ್ ಬದಲಿಸಲೇಬೇಕು’ ಎಂದು ಕಟ್ಟುಪಾಡು ಮಾಡುವ ಆಜ್ಞೆಯಿದೆ. ಆದರೆ ಮೊಬೈಲಿನ ಇ-ಮೇಲ್ ಆ್ಯಪ್ ಮೂಲಕ ಬಂದವರಿಗೆ ಬದಲಿಸುವ ಪರದೆಯೇ ಕಾಣುವುದಿಲ್ಲ, ಬಾಗಿಲು ಮುಚ್ಚಿಕೊಳ್ಳುತ್ತದೆ ಅಷ್ಟೆ. ಬದಲಿಸಲು ಅನುಕೂಲವಿರುವ ಜಾಲಪುಟವನ್ನು ಮೊದಲೇ ಸಿದ್ಧಪಡಿಸಿ, ಶಾಲೆಯ ಗಣಕಯಂತ್ರದ ಮುಂದೆ ಮಕ್ಕಳನ್ನು ಒಬ್ಬೊಬ್ಬರಾಗಿ ಕೂರಿಸಿ ಬದಲಿಸಿಸುವುದು ಒಂದು ಮಧ್ಯಾಹ್ನದ ಕೆಲಸ.

ಇನ್ನು ಕಾನೂನು. ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ ಅವರ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಖಾಸಗಿತನವು ಮೂಲಭೂತ ಹಕ್ಕೆಂದು ಎತ್ತಿಹಿಡಿಯಿತು. ಅರ್ಜಿದಾರರು ಕರ್ನಾಟಕ ಉಚ್ಚ ನ್ಯಾಯಾಲಯದಲ್ಲಿ ನ್ಯಾಯಮೂರ್ತಿಗಳಾಗಿದ್ದವರು. ಆ ತೀರ್ಪಿನ ಬೆನ್ನಿಗೆ ಬಹಳ ಚರ್ಚೆಯ ನಂತರ ಬಂದುದು ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮ, 2023. ಹದಿನೆಂಟು ತುಂಬದವರೆಲ್ಲರೂ ಅದರ ದೃಷ್ಟಿಯಲ್ಲಿ ಮಕ್ಕಳು. 9ನೆಯ ಪ್ರಕರಣದ ಪ್ರಕಾರ ಮಗುವಿನ ವೈಯಕ್ತಿಕ ಮಾಹಿತಿಯನ್ನು ಬಳಸುವ ಮೊದಲು ತಂದೆತಾಯಿಯರ ಒಪ್ಪಿಗೆ ಬೇಕು, ಅದು ಪರಿಶೀಲಿಸಿ ನೋಡಬಹುದಾದ ಒಪ್ಪಿಗೆಯಾಗಿರಬೇಕು. ಮಗುವಿನ ಚಲನವಲನವನ್ನು ಹಿಂಬಾಲಿಸಬಾರದು, ಅದನ್ನೇ ಗುರಿಯಾಗಿಸಿದ ಜಾಹೀರಾತು ತೋರಿಸಬಾರದು. ಮಕ್ಕಳ ವಿಷಯದ ಈ ಹೊಣೆಯನ್ನು ಉಲ್ಲಂಘಿಸಿದರೆ ಇನ್ನೂರು ಕೋಟಿ ರೂಪಾಯಿಗಳವರೆಗೆ ದಂಡವಿದೆ.

ಹಾಗಾದರೆ ನಲವತ್ತು ಇ-ಮೇಲ್ ಖಾತೆಗಳಿಗೆ ನಲವತ್ತು ಒಪ್ಪಿಗೆ ಪತ್ರಗಳೇ? ಇಲ್ಲಿ ನಿಯಮಗಳನ್ನು ಎಚ್ಚರದಿಂದ ಓದಬೇಕು. ಈ ಅಧಿನಿಯಮದ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಅವುಗಳ ನಾಲ್ಕನೆಯ ಅನುಸೂಚಿಯಲ್ಲಿ ಒಪ್ಪಿಗೆಯ ನಿಬಂಧನೆಗೆ ಕೆಲವು ವಿನಾಯಿತಿಗಳಿವೆ. ಇ-ಮೇಲ್ ಮೂಲಕ ಸಂಪರ್ಕಿಸುವುದಕ್ಕಾಗಿ ಖಾತೆ ತೆರೆಯುವುದು ಅವುಗಳಲ್ಲೊಂದು. ಆದರೆ ವಿನಾಯಿತಿಗೆ ಬೇಲಿಯುಂಟು. ಖಾತೆಯ ಬಳಕೆ ಇ-ಮೇಲಿಗೆ ಸೀಮಿತವಾಗಿರಬೇಕು, ಬಳಸುವ ಮಾಹಿತಿ ಅದಕ್ಕೆ ಅಗತ್ಯವಿರುವಷ್ಟೇ ಆಗಿರಬೇಕು. ಅದೇ ಖಾತೆ ವಿಡಿಯೊ, ಆಟ, ಚಿತ್ರಗಳ ಸಂಗ್ರಹ, ಹುಡುಕಾಟದ ದಾಖಲೆ ಎಲ್ಲದರ ಬಾಗಿಲನ್ನೂ ತೆರೆಯುವುದಾದರೆ ಅದು ಬರಿಯ ಇ-ಮೇಲ್ ಖಾತೆಯಲ್ಲ. ಈ ವಿನಾಯಿತಿಯ ನೆರಳು ಅಲ್ಲಿಗೆ ಚಾಚುವುದಿಲ್ಲ. ಪಟ್ಟಿಯಲ್ಲಿ ಜಾತಿ, ಆಧಾರ್ ಸಂಖ್ಯೆ, ತಂದೆಯ ವರಮಾನಗಳ ಅಂಕಣ ಇದ್ದರೆ ‘ಇದು ಪತ್ರದ ಪೆಟ್ಟಿಗೆಗೆ ಯಾಕೆ’ ಎಂದು ಕೇಳಲು ಯಾವ ತಂದೆತಾಯಿಯೂ ಹಿಂಜರಿಯಬೇಕಿಲ್ಲ.

ಗಡಿನಾಡಿನ ಓದುಗರಿಗೆ ಈ ಕಾಯ್ದೆಯಲ್ಲಿ ಹೆಚ್ಚು ಪ್ರಯೋಜನಕಾರಿಯಾದ ಮಾತು ಬೇರೊಂದಿದೆ. ಒಪ್ಪಿಗೆ ಕೇಳುವಾಗಲೆಲ್ಲ ಅದರೊಂದಿಗೆ ತಿಳಿವಳಿಕೆಯ ನೋಟೀಸನ್ನೂ ಕೊಡಬೇಕು. ಆ ನೋಟೀಸನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೆಯ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆ ಜನರಿಗಿರಬೇಕು ಎಂದು 5ನೆಯ ಪ್ರಕರಣ ಹೇಳುತ್ತದೆ. ‘ರಾಜ್ಯದ ಆಡಳಿತ ಭಾಷೆಯಲ್ಲಿ’ ಎಂದು ಅದು ಹೇಳಿಲ್ಲ. ಕನ್ನಡ ಎಂಟನೆಯ ಅನುಸೂಚಿಯಲ್ಲಿದೆ. ಅಂದರೆ ರೊಳ್ಳದ ತಾಯಿಯೊಬ್ಬರು ಕನ್ನಡದ ನೋಟೀಸು ಕೇಳಿದರೆ ಅದು ಉಪಕಾರ ಬೇಡಿದಂತಲ್ಲ. 1953ರಲ್ಲಿ ಬಳ್ಳಾರಿ ಜಿಲ್ಲೆ ಒಡೆದು ರಾಯದುರ್ಗ ಆಂಧ್ರದ ಪಾಲಿಗೆ ಉಳಿದಂದಿನಿಂದ, ಮಾತೃಭಾಷೆಯ ಪ್ರಾಥಮಿಕ ಶಿಕ್ಷಣಕ್ಕೆ ಸಂವಿಧಾನದ 350ಎ ವಿಧಿಯನ್ನು 1956ರಲ್ಲಿ ಸೇರಿಸಿದಂದಿನಿಂದ ಭಾಷಾ ಅಲ್ಪಸಂಖ್ಯಾತರ ಹಕ್ಕಿನ ಮಾತು ಬಂದಾಗಲೆಲ್ಲ ಅದು ಶಾಲೆಯ ಮಾತಾಗಿಯೇ ನಿಂತಿತ್ತು. ಕಾಗದಪತ್ರದ ಭಾಷೆಯ ಬಗ್ಗೆ ಇಷ್ಟು ನೇರವಾಗಿ ಹೇಳಿದ ಕಾನೂನು ವಿರಳ. ಈ ಪ್ರಕರಣಗಳು ಜಾರಿಗೆ ಬರುವುದು ನಿಯಮಗಳು ಪ್ರಕಟವಾಗಿ ಹದಿನೆಂಟು ತಿಂಗಳ ನಂತರ, 2027ರ ಮೇ ತಿಂಗಳಿನಲ್ಲಿ. ಹೆಸರು ತಪ್ಪಿದ್ದರೆ ತಿದ್ದಿಸಿಕೊಳ್ಳುವ, ಬೇಡವಾದ ಮಾಹಿತಿಯನ್ನು ಅಳಿಸುವಂತೆ ಕೇಳುವ ಹಕ್ಕು 12ನೆಯ ಪ್ರಕರಣದಲ್ಲಿದೆ. ಮಗುವಿನ ಪರವಾಗಿ ತಂದೆತಾಯಿಯರೇ ಅದನ್ನು ಚಲಾಯಿಸಬಹುದು.

ಸ್ವಂತ ಸರ್ವರ್ ನಡೆಸುವುದು ಸಣ್ಣ ಶಾಲೆಗೆ ಭಾರವೇ. ಹಳೆಯ ಗಣಕಯಂತ್ರದಲ್ಲಿ ಲಿನಕ್ಸ್ ಹಾಕಿ ಕಲಿಯಲು ಅಡ್ಡಿಯಿಲ್ಲ. ಆದರೆ ಅಲ್ಲಿಂದ ಹೊರಟ ಪತ್ರವನ್ನು ಹೊರಗಿನ ದೊಡ್ಡ ಸೇವೆಗಳು ಬೇಡದ ಅಂಚೆಯ ಬುಟ್ಟಿಗೆ ತಳ್ಳುವ ಸಂಭವ ಹೆಚ್ಚು. ವಿದ್ಯುತ್ತು ಹೋದ ದಿನ ಅಂಚೆ ಕಚೇರಿಯೂ ಮುಚ್ಚುತ್ತದೆ. ಬಾಡಿಗೆಯ ಸೇವೆಯೇ ಮೇಲು. ಯಾರ ಸೇವೆಯಾದರೂ ಪಟ್ಟಿ ಶಾಲೆಯದೇ.

ಖಾತೆ ತೆರೆಯುವ ಉತ್ಸಾಹದಲ್ಲಿ ಮರೆತುಹೋಗುವುದು ಅದನ್ನು ಮುಚ್ಚುವ ಬಗೆ. ಮಗು ವರ್ಗಾವಣೆ ಪತ್ರ ತೆಗೆದುಕೊಂಡು ಗಡಿ ದಾಟಿದ ಮೇಲೆ ಖಾತೆ ಏನಾಗಬೇಕು? ಬೇಸಿಗೆ ರಜೆಯಲ್ಲಿ ‘ಹಳೆಯ ವಿದ್ಯಾರ್ಥಿಗಳನ್ನೆಲ್ಲ ತೆಗೆದುಹಾಕು’ ಎಂಬ ಇನ್ನೊಂದು ಸಾಲಿನ ಆಜ್ಞೆ ಹೋದರೆ, ಜೂನಿನಲ್ಲಿ ಬರಬೇಕಾಗಿದ್ದ ಸೀಟು ಹಂಚಿಕೆಯ ಪತ್ರ ಬಂದ ದಾರಿಯಲ್ಲೇ ಹಿಂದಿರುಗುತ್ತದೆ. ಇದಕ್ಕಿಂತ ಅಪಾಯಕಾರಿಯಾದುದು ಒಬ್ಬರ ವಿಳಾಸವನ್ನು ಇನ್ನೊಬ್ಬರಿಗೆ ಕೊಡುವುದ��. ಹೋದ ವರ್ಷದ ಲಕ್ಷ್ಮಿಯ ವಿಳಾಸ ಈ ವರ್ಷದ ಲಕ್ಷ್ಮಿಗೆ ಸಿಕ್ಕರೆ, ಮೊದಲನೆಯವಳ ಬ್ಯಾಂಕು, ಕಾಲೇಜು, ಆಸ್ಪತ್ರೆಯ ಪತ್ರಗಳೆಲ್ಲ ಎರಡನೆಯವಳ ಪೆಟ್ಟಿಗೆಗೆ ಬೀಳುತ್ತವೆ. ಪಾಸ್‌ವರ್ಡ್ ಮರೆತೆನೆಂದು ಹೇಳಿ ಹಳೆಯ ಖಾತೆಗಳ ಬೀಗವನ್ನೇ ಬದಲಿಸಲು ಇದಿಷ್ಟು ಸಾಕು. ಒಮ್ಮೆ ಕೊಟ್ಟ ವಿಳಾಸವನ್ನು ಮತ್ತೆ ಯಾರಿಗೂ ಕೊಡಬಾರದು. ಶಾಲೆ ಬಿಟ್ಟ ಮೇಲೆ ಕನಿಷ್ಠ ಒಂದು ವರ್ಷ ಖಾತೆ ಉಳಿಯಲಿ. ಮುಚ್ಚುವ ಮೊದಲು ಮನೆಗೆ ತಿಳಿಸಲಿ. ಆ ಗಡುವನ್ನು ಲಕೋಟೆಯಲ್ಲಿಯೇ, ಕನ್ನಡದಲ್ಲಿ ಬರೆದುಕೊಡಲಿ.

ಪಟ್ಟಿಯನ್ನು ಮನೆಯವರಿಗೆ ತೋರಿಸುವುದು ಹೇಗೆ ಎಂಬುದು ಉಳಿಯಿತು. ಸೂಚನಾ ಫಲಕಕ್ಕೆ ಅಂಟಿಸಿದರೆ ಎಲ್ಲರ ಮಾಹಿತಿಯೂ ಬೀದಿಗೆ ಬಂದಂತೆ. ಹತ್ತನೆಯ ತರಗತಿಯ ನಾಮಿನಲ್ ರೋಲ್ ಕಳುಹಿಸುವ ಮೊದಲು ಹೆಸರು, ಜನ್ಮದಿನಾಂಕಗಳನ್ನು ಖಾತ್ರಿಪಡಿಸಿಕೊಳ್ಳಲು ಮುಖ್ಯೋಪಾಧ್ಯಾಯರು ತಂದೆತಾಯಿಯರನ್ನು ಹೇಗೂ ಕರೆಸುತ್ತಾರೆ. ಆ ದಿನವೇ ಆ ಮಗುವಿನ ಒಂದು ಸಾಲನ್ನು ಮಾತ್ರ ದೊಡ್ಡ ಅಕ್ಷರದಲ್ಲಿ ಮುದ್ರಿಸಿ ಮುಂದಿಡಬಹುದು: ಕನ್ನಡದ ಹೆಸರು, ಇಂಗ್ಲಿಷ್ ಕಾಗುಣಿತ, ಲಾಗಿನ್ ಹೆಸರು. ಇಂಗ್ಲಿಷ್ ಓದಲು ಬಾರದ ತಾಯಿ, ‘ಮೇಷ್ಟ್ರೇ, ಇದ್ರಾಗೆ ನಮ್ಮುಡುಗಿ ಹೆಸರು ಎಲ್ಲೈತೆ, ವಸಿ ಓದಿ’ ಎಂದು ಕೇಳಿದರೆ ಕಾಗುಣಿತವನ್ನು ಒಂದೊಂದೇ ಅಕ್ಷರವಾಗಿ ಓದಿ ಹೇಳಿ, ಆಧಾರ್ ಕಾರ್ಡಿನ ಪಕ್ಕದಲ್ಲಿಟ್ಟು ಹೋಲಿಸಿ, ಸರಿಯಿದೆ ಎಂದ ಮೇಲೆ ಆ ಸಾಲಿನ ಕೆಳಗೆ ಅವರ ರುಜುವನ್ನೋ ಹೆಬ್ಬೆಟ್ಟನ್ನೋ ಪಡೆಯುವುದು. ನಲವತ್ತೂ ಸಾಲುಗಳಿಗೆ ರುಜು ಬಿದ್ದ ಮೇಲೆ, ಮೊದಲು ಒಂದೇ ಖಾತೆಯನ್ನು ತೆರೆದು ಪತ್ರ ಹೋಗಿ ಬರುವುದನ್ನು ಪರೀಕ್ಷಿಸಿ, ಆನಂತರ ಉಳಿದ ಮೂವತ್ತೊಂಬತ್ತಕ್ಕೆ ಆಜ್ಞೆ ಕೊಡುವುದು.